ಮಲ ಕಸಿಗೆ ಹೊರಟವರು ತಿಳಿದಿರಬೇಕಾದದ್ದು

ನಮ್ಮ ಎಂಡೋಸ್ಕೋಪಿ ವಿಭಾಗಕ್ಕೆ ಮಲ ಕಸಿಗೆಂದು ಬರುವವರೊಡನೆ ಕೂತು ಮಾತನಾಡುವ ಕೆಲಸ ನರ್ಸ್ ಆದ ನನ್ನದು. ಒಳಗೆ ವೈದ್ಯರು ಎಲ್ಲವನ್ನೂ ವಿವರಿಸಿರುತ್ತಾರೆ, ಇವರು ತಲೆಯಾಡಿಸಿರುತ್ತಾರೆ. ನನ್ನ ಮೇಜಿನ ಬಳಿ ಬಂದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: “ಸಿಸ್ಟರ್, ನಿಜವಾಗಿಯೂ ಬೇರೆಯವರದ್ದನ್ನೇ ಹಾಕುತ್ತೀರಾ?” ಹೌದು, ಬೇರೆಯವರದ್ದನ್ನೇ. ಆರೋಗ್ಯವಂತ ದಾನಿಯ ಮಲವನ್ನು ಪರೀಕ್ಷಿಸಿ, ಸಲೈನ್‌ನಲ್ಲಿ ಕದಡಿ, ಸೋಸಿ, ರೋಗಿಯ ಕರುಳಿಗೆ ಸೇರಿಸುವುದೇ ಚಿಕಿತ್ಸೆ. ಹೇಸಿಗೆ ಎನಿಸಿದರೆ ತಪ್ಪಿಲ್ಲ. ಆದರೆ ತಿಂಗಳುಗಟ್ಟಲೆ ಭೇದಿಯಿಂದ ಹೈರಾಣಾದವರಲ್ಲಿ ಆ ಹೇಸಿಗೆ ಹೆಚ್ಚು ಹೊತ್ತು ಉಳಿದದ್ದನ್ನು ನಾನು ಕಂಡಿಲ್ಲ. ಮೂಗು ಮುಚ್ಚಿಕೊಳ್ಳುವವರು ಸಾಮಾನ್ಯವಾಗಿ ಜೊತೆಗೆ ಬಂದ ನೆಂಟರು.

ಕಸಿ ಮಾಡುವ ಗಳಿಗೆ ಇಡೀ ವ್ಯವಹಾರದಲ್ಲಿ ತೀರ ಚಿಕ್ಕದು. ಫಲ ಸಿಗುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದಕ್ಕೆ ಮುಂಚಿನ ದಿನಗಳಲ್ಲಿ, ಆಮೇಲಿನ ಎರಡು ತಿಂಗಳುಗಳಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಹೆಚ್ಚಿನ ಪಾಲು ಅವುಗಳ ಬಗ್ಗೆಯೇ.

ಕಾಯಿಲೆ ಅದೇ ಹೌದೇ, ನೋಡಿಕೊಳ್ಳಿ

ಸದ್ಯಕ್ಕೆ ಮಲ ಕಸಿಗೆ ಗಟ್ಟಿ ಆಧಾರವಿರುವುದು ಒಂದು ಸೋಂಕಿಗೆ ಮಾತ್ರ: ಮತ್ತೆ ಮತ್ತೆ ಮರುಕಳಿಸುವ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್. ಆಸ್ಪತ್ರೆಯಲ್ಲಿ ನಾವು ಸಿ. ಡಿಫ್ ಎನ್ನುತ್ತೇವೆ. ಸಾಲ್ಮೊನೆಲ್ಲಾ, ಅಮೀಬಾ, ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಎಚ್. ಪೈಲೊರಿ ಇವಕ್ಕೆಲ್ಲ ಬೇರೆ ಔಷಧಗಳಿವೆ. ಅವಕ್ಕಾಗಿ ಮಲ ಕಸಿ ಮಾಡುವುದಿಲ್ಲ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ದೀರ್ಘಕಾಲದ ಉರಿಯೂತ), ಐಬಿಎಸ್ (ಸೋಂಕಿಲ್ಲದೆಯೂ ಕರುಳು ಪದೇಪದೇ ಕೆರಳುವ ತೊಂದರೆ), ಬೊಜ್ಜು, ಆಟಿಸಂ ಎಂದು ಪಟ್ಟಿ ಹಿಡಿದು ಬರುವವರೂ ಇದ್ದಾರೆ. ಇವುಗಳಲ್ಲಿ ಸಂಶೋಧನೆ ನಡೆಯುತ್ತಿದೆ, ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಒಂದಿಷ್ಟು ಭರವಸೆಯೂ ಕಂಡಿದೆ. ಆದರೆ ಅಧ್ಯಯನದಲ್ಲಿ ಸೇರಿಕೊಂಡು ಮಾಡಿಸಿಕೊಳ್ಳುವುದು ಬೇರೆ, ದುಡ್ಡು ತೆತ್ತು ಯಾರದೋ ಕ್ಲಿನಿಕ್ಕಿನಲ್ಲಿ ಮಾಡಿಸಿಕೊಳ್ಳುವುದು ಬೇರೆ. ಎರಡನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ.

ಸಿ. ಡಿಫ್ ಮಾಡುವ ಉಪದ್ರವ ಅರ್ಥವಾದರೆ ಚಿಕಿತ್ಸೆಯೂ ಅರ್ಥವಾಗುತ್ತದೆ. ನಮ್ಮ ದೊಡ್ಡ ಕರುಳು ಸೀಟೆಲ್ಲ ಭರ್ತಿಯಾದ ಬಸ್ಸು ಎಂದುಕೊಳ್ಳಿ. ನೂರಾರು ಜಾತಿಯ ಬ್ಯಾಕ್ಟೀರಿಯಾಗಳು ಕೂತಿರುವಲ್ಲಿ ಸಿ. ಡಿಫ್ ಹತ್ತಿಕೊಂಡರೂ ಅದಕ್ಕೆ ಜಾಗವಿಲ್ಲ. ಹಲ್ಲಿಗೋ ಕೆಮ್ಮಿಗೋ ಮೂತ್ರದ ಸೋಂಕಿಗೋ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಿ ಎನ್ನಿ. ಬಸ್ಸಿನ ಅರ್ಧ ಜನ ಇಳಿದುಹೋಗುತ್ತಾರೆ. ಕ್ಲಿಂಡಮೈಸಿನ್, ಸೆಫಲೋಸ್ಪೊರಿನ್‌ಗಳು, ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಇದಕ್ಕೆ ಹೆಸರುವಾಸಿ. ಖಾಲಿ ಸೀಟಿನಲ್ಲಿ ಸಿ. ಡಿಫ್ ಕೂರುತ್ತದೆ, ಹೆಚ್ಚುತ್ತದೆ, ಎರಡು ಬಗೆಯ ವಿಷ ಬಿಡುತ್ತದೆ, ಆ ವಿಷಕ್ಕೆ ಕರುಳಿನ ಒಳಪದರ ಕೆರಳುತ್ತದೆ. ಭೇದಿ ಬರುವುದು ಅದರಿಂದ.

ಇದಕ್ಕೆ ಮೊದಲು ಕೊಡುವುದು ಫಿಡಾಕ್ಸೊಮೈಸಿನ್ ಅಥವಾ ವ್ಯಾಂಕೊಮೈಸಿನ್. ವ್ಯಾಂಕೊಮೈಸಿನ್ ಆದರೆ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, 10 ದಿನ, ಬಾಯಿಯ ಮೂಲಕ. ರಕ್ತನಾಳಕ್ಕೆ ಚುಚ್ಚಿದರೆ ಅದು ಕರುಳಿನೊಳಕ್ಕೆ ತಲುಪುವುದಿಲ್ಲ, ಆದ್ದರಿಂದ ಇಂಜೆಕ್ಷನ್ ಬೇಕೆಂದು ಹಟ ಹಿಡಿಯಬೇಡಿ. ಹೆಚ್ಚಿನವರಿಗೆ ಅಷ್ಟರಲ್ಲೇ ಗುಣವಾಗುತ್ತದೆ. ಆದರೆ ಸಿ. ಡಿಫ್ ಬೀಜಕಗಳನ್ನು ಬಿಡುವ ಜೀವಿ. ಔಷಧ ಬದುಕಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಗಟ್ಟಿ ಕವಚದೊಳಗೆ ಮಲಗಿರುವ ಬೀಜಕವನ್ನು ಮುಟ್ಟುವುದಿಲ್ಲ. ವ್ಯಾಂಕೊಮೈಸಿನ್ ಅಂತೂ ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಚೆಂದ ಕಾಣುತ್ತದೆ. ಯಕೃತ್ತು ತಯಾರಿಸುವ ಕೆಲವು ಪಿತ್ತಾಮ್ಲಗಳು ಆ ಬೀಜಕಗಳನ್ನು ಮೊಳೆಯುವಂತೆ ಮಾಡುತ್ತವೆ; ಕರುಳಿನ ಬ್ಯಾಕ್ಟೀರಿಯಾಗಳು ಅದೇ ಆಮ್ಲಗಳನ್ನು ಬೇರೊಂದು ರೂಪಕ್ಕೆ ತಿರುಗಿಸಿದಾಗ ಆ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಆ್ಯಂಟಿಬಯಾಟಿಕ್‌ನಿಂದ ಈ ತಿರುಗಿಸುವವರೇ ನಾಶವಾಗಿರುತ್ತಾರೆ. ಔಷಧ ನಿಲ್ಲಿಸಿದ ವಾರ ಎರಡು ವಾರಕ್ಕೆ ಭೇದಿ ವಾಪಸಾಗುವುದು ಹೀಗೆ.

ಮೊದಲ ಸಲ ಗುಣವಾದವರಲ್ಲಿ ನೂರಕ್ಕೆ ಸುಮಾರು 20ರಿಂದ 25 ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಒಮ್ಮೆ ಮರುಕಳಿಸಿದವರಲ್ಲಿ ಸುಮಾರು 40 ಮಂದಿಗೆ ಮತ್ತೊಮ್ಮೆ. ಅದಕ್ಕೂ ಮೇಲೆ ಹೋದರೆ ಅಪಾಯ ಅರ್ಧಕ್ಕಿಂತ ಹೆಚ್ಚು. ಈ ಸುತ್ತಿನಿಂದ ಹೊರಬರಲಾಗದವರಿಗೆ ಮಲ ಕಸಿ. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಈ ಮೊದಲು ಎರಡು ಅಥವಾ ಹೆಚ್ಚು ಬಾರಿ ಸೋಂಕು ದೃಢಪಟ್ಟವರಿಗೆ, ಅದು ಮತ್ತೆ ಬಂದಾಗ ಕಸಿಯನ್ನು ಕೊಡಬಹುದು.

ದೃಢಪಡುವುದು ಎಂದೆನಲ್ಲ, ಅಲ್ಲೇ ಹಲವರ ದಾರಿ ತಪ್ಪುವುದು. ಪಿಸಿಆರ್ ಪರೀಕ್ಷೆ ಹುಡುಕುವುದು ವಿಷ ತಯಾರಿಸುವ ಜೀನನ್ನು, ವಿಷವನ್ನಲ್ಲ. ಯಾವ ತೊಂದರೆಯೂ ಇಲ್ಲದೆ ಸಿ. ಡಿಫ್ ಹೊತ್ತುಕೊಂಡು ತಿರುಗುವವರಲ್ಲೂ ಅದು ಪಾಸಿಟಿವ್ ಬರುತ್ತದೆ. ಹಾಗಾಗಿ ವಿಷವನ್ನೇ ಹುಡುಕುವ ಟಾಕ್ಸಿನ್ ಪರೀಕ್ಷೆಯೂ ಆಗಿದೆಯೇ ಎಂದು ಕೇಳಿ. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರುನೀರಾಗಿ ಹೋಗುತ್ತಿದ್ದರೆ ಮಾತ್ರ ಮಾದರಿ ಕೊಡಿ. ಗಟ್ಟಿ ಮಲವನ್ನು ಪ್ರಯೋಗಾಲಯಕ್ಕೆ ಕಳಿಸಿ ಪ್ರಯೋಜನವಿಲ್ಲ. ಸಿ. ಡಿಫ್ ಬಂದುಹೋದ ಮೇಲೆ ಹಲವರಿಗೆ ಐಬಿಎಸ್‌ನಂಥ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಊಟವಾದ ಕೂಡಲೇ ಶೌಚಾಲಯಕ್ಕೆ ಓಡುವುದು, ಹೊಟ್ಟೆ ನುಲಿಯುವುದು, ಒಂದು ದಿನ ಸರಿ ಒಂದು ದಿನ ಕೆಟ್ಟದ್ದು. ಅದು ಸೋಂಕಲ್ಲ. ಅದಕ್ಕೆ ಕಸಿ ಮಾಡಿದರೆ ಗುಣವಾಗದು, ಕಸಿಗೇ ಕೆಟ್ಟ ಹೆಸರು.

ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಎಷ್ಟು ಸಲ, ಎಷ್ಟು ತೆಳು, ರಾತ್ರಿ ಎದ್ದಿರಾ, ರಕ್ತ ಇತ್ತೇ, ಜ್ವರ ಇತ್ತೇ. ಬೇರೆ ಪುಟದಲ್ಲಿ ಹಿಂದಿನ ಒಂದು ವರ್ಷದ ಎಲ್ಲ ಆ್ಯಂಟಿಬಯಾಟಿಕ್‌ಗಳು: ಯಾವುದು, ಯಾವಾಗ, ಯಾತಕ್ಕೆ. ಆ್ಯಸಿಡಿಟಿಗೆಂದು ವರ್ಷಾನುಗಟ್ಟಲೆ ನುಂಗುತ್ತಿರುವ ಮಾತ್ರೆಯನ್ನೂ ಬರೆಯಿರಿ. ಓಮೆಪ್ರಜೋಲ್ ಜಾತಿಯ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಸಿ. ಡಿಫ್ ಹೆಚ್ಚಾಗಿ ಕಂಡುಬರುತ್ತದೆ. ಅದು ನಿಜವಾಗಿ ಬೇಕೇ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಇದು ಹೊಸ ಹುಚ್ಚಲ್ಲ

“ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದೀರಾ” ಎಂದು ಗದರುವ ಹಿರಿಯರಿಗೆ ನಾನು ಹೇಳುವುದಿಷ್ಟು. ನಾಲ್ಕನೇ ಶತಮಾನದ ಚೀನಾದಲ್ಲಿ ಗೆ ಹೊಂಗ್ ಎಂಬ ವೈದ್ಯ ವಿಷಾಹಾರಕ್ಕೂ ತೀವ್ರ ಭೇದಿಗೂ ಮಲದ ದ್ರಾವಣ ಕುಡಿಸಿದ ದಾಖಲೆ ಇದೆ. ಆಧುನಿಕ ವೈದ್ಯಕೀಯದಲ್ಲಿ 1958ರಲ್ಲಿ ಅಮೆರಿಕದ ಡೆನ್ವರ್‌ನ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಹೋದ್ಯೋಗಿಗಳು ಆ್ಯಂಟಿಬಯಾಟಿಕ್‌ನ ನಂತರ ಕರುಳಿನ ಉರಿಯೂತದಿಂದ ಸಾಯುವ ಸ್ಥಿತಿಗೆ ಬಂದಿದ್ದ ನಾಲ್ವರಿಗೆ ಎನಿಮಾ ಮೂಲಕ ಕೊಟ್ಟು ಉಳಿಸಿಕೊಂಡರು. ಸಿ. ಡಿಫ್‌ಗೂ ಈ ಕಾಯಿಲೆಗೂ ಇರುವ ನಂಟು ಪತ್ತೆಯಾದದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ. ಆಮೇಲೂ ವೈದ್ಯಲೋಕ ಬಹಳ ಕಾಲ ಮುಜುಗರದಿಂದ ಮುಖ ತಿರುಗಿಸಿಕೊಂಡೇ ಇತ್ತು. 2013ರಲ್ಲಿ ಪ್ರಕಟವಾದ ಆ್ಯಮ್‌ಸ್ಟರ್‌ಡ್ಯಾಮಿನ ಅಧ್ಯಯನದಲ್ಲಿ ಕಸಿ ಪಡೆದ 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ವ್ಯತ್ಯಾಸ ಎಷ್ಟು ದೊಡ್ಡದಿತ್ತೆಂದರೆ ಅಧ್ಯಯನವನ್ನು ಮುಂಚೆಯೇ ನಿಲ್ಲಿಸಬೇಕಾಯಿತು.

ದಾನಿಯ ಮಾತು

ಇಲ್ಲಿ ಸ್ವಲ್ಪ ಗಟ್ಟಿ ದನಿಯಲ್ಲಿ ಮಾತನಾಡುತ್ತೇನೆ. ರೋಗಿಯ ಜೊತೆ ಮಗನೋ ಮಗಳೋ ಬಂದಿರುತ್ತಾರೆ. ಇಪ್ಪತ್ತೈದರ ಪ್ರಾಯ, ಕಟ್ಟುಮಸ್ತು ಮೈ, ಒಂದು ದಿನ ಮಲಗಿದ್ದಿಲ್ಲ. “ನನ್ನದನ್ನೇ ತೆಗೆದುಕೊಳ್ಳಿ, ನಮ್ಮ ಅಮ್ಮ ತಾನೇ” ಎನ್ನುತ್ತಾರೆ. ಪ್ರೀತಿ ದೊಡ್ಡದು, ಆದರೆ ಇಲ್ಲಿ ನೆಂಟಸ್ತಿಕೆಯಿಂದ ಏನೂ ಲಾಭವಿಲ್ಲ. ಮೂತ್ರಪಿಂಡದ ಕಸಿಯ ಹಾಗೆ ರಕ್ತದ ಗುಂಪು ಹೊಂದಬೇಕಿಲ್ಲ, ದೇಹ ತಿರಸ್ಕರಿಸದಿರಲೆಂದು ಮಾತ್ರೆ ನುಂಗಬೇಕಿಲ್ಲ. ಹಾಗಾಗಿ ಅಪರಿಚಿತನಾದರೂ ಸರಿ, ಚೆನ್ನಾಗಿ ಸೋಸಿ ಆರಿಸಿದ ದಾನಿಯೇ ಮೇಲು.

ಸೋಸುವುದೆಂದರೆ ಹೇಗೆ? ಮೊದಲು ಉದ್ದದ ಪ್ರಶ್ನಾವಳಿ: ಕಳೆದ ಕೆಲವು ತಿಂಗಳಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ, ಭೇದಿ ಆಗಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಎಲ್ಲೆಲ್ಲಿ ಪ್ರಯಾಣ ಮಾಡಿದಿರಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ, ನಿಮ್ಮ ತೂಕ ಎಷ್ಟು. ಆಮೇಲೆ ರಕ್ತಪರೀಕ್ಷೆ: ಎಚ್‌ಐವಿ, ಹೆಪಟೈಟಿಸ್ ಎ, ಬಿ, ಸಿ, ಸಿಫಿಲಿಸ್. ಮಲದಲ್ಲಿ ಸಿ. ಡಿಫ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ನೊರೊವೈರಸ್, ಜಿಯಾರ್ಡಿಯಾ, ಪರಾವಲಂಬಿಗಳ ಮೊಟ್ಟೆ, ಎಲ್ಲಕ್ಕಿಂತ ಮುಖ್ಯವಾಗಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು. ದಾನದ ಅವಧಿ ಮುಗಿದ ಮೇಲೆ ಮತ್ತೊಮ್ಮೆ ಇವೆಲ್ಲ. ಎರಡನೆಯ ಫಲಿತಾಂಶ ಬರುವವರೆಗೂ ಮಾದರಿಗಳು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಕಾಯುತ್ತಿರುತ್ತವೆ. ದಾನ ಮಾಡುತ್ತೇವೆಂದು ಮುಂದೆ ಬಂದವರಲ್ಲಿ ಬೆರಳೆಣಿಕೆಯ ಮಂದಿ ಮಾತ್ರ ಕೊನೆಗೆ ಉಳಿಯುತ್ತಾರೆ. ನನ್ನಂಥ ಆಸ್ಪತ್ರೆ ನೌಕರರನ್ನು ಹಲವು ಮಲ ಬ್ಯಾಂಕುಗಳು ಬಾಗಿಲಲ್ಲೇ ವಾಪಸು ಕಳಿಸುತ್ತವೆ. ದಿನವಿಡೀ ಹಟಮಾರಿ ರೋಗಾಣುಗಳ ನಡುವೆ ಓಡಾಡುವವರ ಕರುಳಿನಲ್ಲಿ ಏನಿರುತ್ತದೋ ಯಾರು ಬಲ್ಲರು. ನನಗೆ ಅವಮಾನವೇನೂ ಇಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ, 2019ರಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರು ರೋಗಿಗಳಿಗೆ ಒಬ್ಬನೇ ದಾನಿಯಿಂದ ಬಂದ ಕ್ಯಾಪ್ಸೂಲ್‌ಗಳ ಮೂಲಕ ಔಷಧಕ್ಕೆ ಬಗ್ಗದ ಇ. ಕೋಲೈ ದಾಟಿತು. ಅವರಲ್ಲಿ ಒಬ್ಬರು ತೀರಿಕೊಂಡರು. ದಾನಿ ನೋಡಲು ಆರೋಗ್ಯವಾಗಿಯೇ ಇದ್ದರು. ಆ ಮಾದರಿಗೆ ಆ ಒಂದು ಪರೀಕ್ಷೆ ಆಗಿರಲಿಲ್ಲ. ಅಂದಿನಿಂದ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಈಗ ನೀವೇ ಹೇಳಿ, ಮಿಕ್ಸಿ, ಜರಡಿ, ಎನಿಮಾ ಡಬ್ಬಿ ಇಟ್ಟುಕೊಂಡು ಮನೆಯ ಬಚ್ಚಲಲ್ಲಿ ಇದನ್ನು ಮಾಡಿಕೊಳ್ಳುವುದು ಎಂಥ ಸಾಹಸ? ವಿಡಿಯೊ ನೋಡಿ ಕಲಿತೆವು ಎಂದು ಹೇಳಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಕದಡುವುದು, ಸೋಸುವುದು ಕಷ್ಟವಲ್ಲ. ಆದರೆ ಮನೆಯಲ್ಲಿ ಮೇಲಿನ ಪರೀಕ್ಷೆಗಳಲ್ಲಿ ಒಂದೂ ಇರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಎಷ್ಟು ಗ್ರಾಂ, ಎಷ್ಟು ಸಲೈನ್ ಎಂಬ ಪಾಕವಿಧಾನ ಕೊಡುವುದಿಲ್ಲ.

ನೀವು ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆಗಳು ಇವು: ಮಾದರಿ ಎಲ್ಲಿಂದ ಬರುತ್ತದೆ, ದಾನಿಯನ್ನು ಎರಡು ಸಲ ಪರೀಕ್ಷಿಸಿದ್ದೀರಾ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನೋಡಿದ್ದೀರಾ, ಮುಂದೆ ತೊಂದರೆಯಾದರೆ ಯಾವ ದಾನಿಯದು ಎಂದು ಹಿಂದಕ್ಕೆ ಹೋಗಿ ಹುಡುಕುವ ದಾಖಲೆ ಇದೆಯೇ? ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ. ದಾನಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ. “ದಪ್ಪಗಿರುವವರದ್ದು ಬಂದರೆ ನಾನೂ ದಪ್ಪಗಾಗುತ್ತೇನಾ” ಎಂದು ಎಷ್ಟೋ ಮಂದಿ ಕೇಳಿದ್ದಾರೆ. ತೂಕ ಹೆಚ್ಚಿದ್ದ ಮಗಳಿಂದ ಕಸಿ ಪಡೆದ ತಾಯಿಯೊಬ್ಬರು ಆಮೇಲೆ ದಪ್ಪಗಾದ ವರದಿಯೊಂದು 2015ರಲ್ಲಿ ಬಂದಿತ್ತು. ಕಸಿಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ದಾನಿಯ ತೂಕವನ್ನು ನೋಡಿಯೇ ನೋಡುತ್ತಾರೆ.

ಯಾವ ದಾರಿಯಿಂದ

ಕೊಲೊನೊಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ತೂರಿಸಿ, ದೊಡ್ಡ ಕರುಳಿನ ಆರಂಭದವರೆಗೆ ಹೋಗಿ ಬಿಡಬಹುದು; ಎನಿಮಾ ಕೊಡಬಹುದು; ಮೂಗಿನಿಂದ ಸಣ್ಣ ಕರುಳಿಗೆ ನಳಿಕೆ ಇಳಿಸಬಹುದು; ಕ್ಯಾಪ್ಸೂಲ್ ನುಂಗಬಹುದು. ಕ್ಯಾಪ್ಸೂಲ್ ಎಂದರೆ ಶಕ್ತಿ ಕಡಿಮೆ ಎಂಬ ಭಾವನೆ ಬೇಡ. 2017ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಕ್ಯಾಪ್ಸೂಲ್ ನುಂಗಿದವರು, ಕೊಲೊನೊಸ್ಕೋಪಿ ಮಾಡಿಸಿಕೊಂಡವರು ಎರಡೂ ಗುಂಪಿನಲ್ಲಿ ಶೇ 96ರಷ್ಟು ಮಂದಿಗೆ 12 ವಾರ ಕಾಯಿಲೆ ಮರುಕಳಿಸಲಿಲ್ಲ. ರುಚಿ, ವಾಸನೆ ಏನೂ ಇರುವುದಿಲ್ಲ, ಕವಚ ಗಟ್ಟಿ. ಆದರೆ ನುಂಗಲು ತೊಂದರೆ ಇರುವವರಿಗೆ, ಪಾರ್ಶ್ವವಾಯು ಆದವರಿಗೆ ಕ್ಯಾಪ್ಸೂಲ್ ಒಳ್ಳೆಯದಲ್ಲ. ಮೂಗಿನ ನಳಿಕೆಯಲ್ಲಿ ದ್ರಾವಣ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ನಾನಂತೂ ಅದನ್ನು ಕೊನೆಗೆ ಇಡುತ್ತೇನೆ. ಕರುಳನ್ನು ಹೇಗೂ ಒಳಗಿನಿಂದ ನೋಡಬೇಕಿದೆ ಎಂದಾದರೆ ಕೊಲೊನೊಸ್ಕೋಪಿಯೇ ಸರಿ.

ಕಾರ್ಖಾನೆಯಲ್ಲಿ ತಯಾರಾಗಿ ಬರುವ ಎರಡು ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ಇದೆ, ಎರಡೂ 18 ದಾಟಿದವರಿಗೆ. 2022ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ರೆಬಯೋಟಾ ಗುದದ್ವಾರದ ಮೂಲಕ ಒಂದೇ ಸಲ ಕೊಡುವ 150 ಮಿಲಿಲೀಟರ್ ದ್ರಾವಣ. 2023ರ ಏಪ್ರಿಲ್‌ನಲ್ಲಿ ಬಂದ ವೌಸ್ಟ್ ಬಾಯಿಂದ ನುಂಗುವ ಕ್ಯಾಪ್ಸೂಲ್: ದಿನಕ್ಕೆ ನಾಲ್ಕು, ಖಾಲಿ ಹೊಟ್ಟೆಯಲ್ಲಿ, ಸತತ ಮೂರು ದಿನ. ವೌಸ್ಟ್ ತಯಾರಿಸುವಾಗ ದಾನಿಯ ಮಲಕ್ಕೆ ಆಲ್ಕೋಹಾಲ್ ಹಾಕಿ ಉಳಿದದ್ದನ್ನೆಲ್ಲ ಕೊಂದು, ಒಳ್ಳೆಯ ಬ್ಯಾಕ್ಟೀರಿಯಾಗಳ ಬೀಜಕಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸಿ. ಡಿಫ್ ಯಾವ ಉಪಾಯದಿಂದ ನಮ್ಮನ್ನು ಇಷ್ಟು ಕಾಲ ಆಟವಾಡಿಸಿತೋ ಅದೇ ಉಪಾಯ, ಈ ಸಲ ನಮ್ಮ ಕಡೆಯಿಂದ. ನನಗೆ ಇದರಲ್ಲಿ ಒಂದು ಬಗೆಯ ತೃಪ್ತಿ ಇದೆ.

ಕರುಳಿನಲ್ಲಿ ತೂತಾಗಿದ್ದರೆ ಅಥವಾ ಅಡಚಣೆ ಇದ್ದರೆ ಕಸಿ ಮಾಡುವುದಿಲ್ಲ. ರೋಗನಿರೋಧಕ ಶಕ್ತಿ ತೀರ ಕುಸಿದವರ ವಿಷಯದಲ್ಲಿ ತಜ್ಞರು ಕೂತು ತೂಗಿ ನೋಡುತ್ತಾರೆ. ಯಾವುದಾದರೂ ಆಹಾರಕ್ಕೆ ತೀವ್ರ ಅಲರ್ಜಿ ಇದ್ದರೆ ಮರೆಯದೆ ಹೇಳಿ. ದಾನಿ ತಿಂದ ಆಹಾರದ ಅಂಶ ಮಾದರಿಯಲ್ಲಿ ಇರುವ ಸಾಧ್ಯತೆಯಿದೆ.

ಹಿಂದಿನ ದಿನಗಳು

ಕಸಿಗೆ ದಿನ ಗೊತ್ತಾಯಿತೆಂದು ವ್ಯಾಂಕೊಮೈಸಿನ್ ಬಿಟ್ಟುಬಿಡಬೇಡಿ. ಭೇದಿ ಹತೋಟಿಗೆ ಬಂದ ಸ್ಥಿತಿಯಲ್ಲಿ ಕಸಿ ಮಾಡಿದರೆ ಫಲ ಹೆಚ್ಚು. ಹಾಗೆಂದು ಕೊನೆಯ ಗಳಿಗೆಯವರೆಗೂ ನುಂಗುತ್ತಿದ್ದರೆ ಒಳಗೆ ಹಾಕಿದ ಹೊಸ ಬ್ಯಾಕ್ಟೀರಿಯಾಗಳನ್ನು ಅದೇ ಮಾತ್ರೆ ಕೊಲ್ಲುತ್ತದೆ. ಸಾಮಾನ್ಯ ಕಸಿಗೆ ಒಂದೆರಡು ದಿನ ಮುಂಚೆ ನಿಲ್ಲಿಸುವುದು ರೂಢಿ. ರೆಬಯೋಟಾಕ್ಕೆ ಕೊನೆಯ ಮಾತ್ರೆಯ ನಂತರ 24ರಿಂದ 72 ಗಂಟೆ, ವೌಸ್ಟ್‌ಗೆ 2ರಿಂದ 4 ದಿನ ಬಿಡಬೇಕು. ನಿಮ್ಮ ಕೊನೆಯ ಮಾತ್ರೆ ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆಸಿಕೊಂಡು ಹೋಗಿ. ನೆನಪಿನ ಮೇಲೆ ಬಿಡುವ ವಿಷಯವಲ್ಲ ಇದು.

ಕೊಲೊನೊಸ್ಕೋಪಿಗೆ ಹಿಂದಿನ ದಿನ ಕರುಳು ತೊಳೆಯುವ ದ್ರಾವಣ ಕುಡಿಯಬೇಕು. ಇಷ್ಟು ದಿನ ಭೇದಿಯಲ್ಲಿ ನರಳಿದವರಿಗೆ ಮತ್ತೆ ಭೇದಿ ಮಾಡಿಸುವುದು ಕ್ರೂರವೆನಿಸುತ್ತದೆ, ಆದರೆ ಅಳಿದುಳಿದ ಬೀಜಕಗಳನ್ನೂ ಔಷಧದ ಅಂಶವನ್ನೂ ಹೊರಹಾಕಲು ಅದು ಬೇಕು. ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ನಾಲಿಗೆಯ ಹಿಂಭಾಗಕ್ಕೆ ಬೀಳುವಂತೆ ಕುಡಿಯಿರಿ. ಗುದದ ಸುತ್ತ ಮುಂಚೆಯೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ; ಉರಿ ಶುರುವಾದ ಮೇಲೆ ಹಚ್ಚಿದರೆ ಅಷ್ಟು ಉಪಕಾರವಿಲ್ಲ. ಒರೆಸಬೇಡಿ, ನೀರಿನಲ್ಲಿ ತೊಳೆದು ಒತ್ತಿ ಒಣಗಿಸಿ. ವೌಸ್ಟ್ ತೆಗೆದುಕೊಳ್ಳುವವರು ಹಿಂದಿನ ದಿನ ಮೆಗ್ನೀಸಿಯಂ ಸಿಟ್ರೇಟ್ ಕುಡಿಯುತ್ತಾರೆ, ಮೊದಲ ಗುಳಿಗೆಗೆ ಕನಿಷ್ಠ 8 ಗಂಟೆ ಮೊದಲು. ಮೂತ್ರಪಿಂಡದ ತೊಂದರೆ ಇರುವವರಿಗೆ ಬೇರೆ ದ್ರಾವಣ. ರೆಬಯೋಟಾಕ್ಕೆ ಇದ್ಯಾವುದೂ ಬೇಕಿಲ್ಲ. ಸಕ್ಕರೆ ಕಾಯಿಲೆಯ ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಆ ದಿನ ಏನು ಮಾಡಬೇಕೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ.

ಇನ್ನು ಮನೆ. ಕರುಳನ್ನು ಸರಿಮಾಡಿಸಿಕೊಂಡು ಬೀಜಕಗಳಿಂದ ತುಂಬಿದ ಶೌಚಾಲಯಕ್ಕೇ ವಾಪಸು ಹೋಗುವುದರಲ್ಲಿ ಅರ್ಥವಿಲ್ಲ. ಸ್ಯಾನಿಟೈಸರ್ ಈ ಬೀಜಕಗಳ ಕೂದಲು ಕೊಂಕಿಸುವುದಿಲ್ಲ. ಕೈಗೆ ಸೋಪು, ಹರಿಯುವ ನೀರು, ಚೆನ್ನಾಗಿ ಉಜ್ಜುವುದು. ಬೀಜಕ ಸಾಯುವುದಿಲ್ಲ, ಕೊಚ್ಚಿಕೊಂಡು ಹೋಗುತ್ತದೆ. ಕಮೋಡ್, ಫ್ಲಶ್ ಗುಂಡಿ, ನಲ್ಲಿ, ಬಾಗಿಲ ಹಿಡಿ, ಸ್ವಿಚ್ಚುಗಳಿಗೆ ಬ್ಲೀಚ್: ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅವತ್ತೇ ಕಲೆಸಿದ್ದು. ಮೊದಲು ಸೋಪಿನಿಂದ ಕೊಳೆ ತೆಗೆದು, ಬ್ಲೀಚ್ ಬಳಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ಒರೆಸಿ. ಸ್ವಿಚ್ಚಿನ ಮೇಲೆ ಸುರಿಯಬೇಡಿ, ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಈ ಕೆಲಸವನ್ನು ಕಸಿಯ ದಿನ, ನೀವು ಆಸ್ಪತ್ರೆಯಲ್ಲಿರುವಾಗ ಮನೆಯವರು ಮಾಡಲಿ. ಮೂಗು ಮುಚ್ಚಿಕೊಂಡ ನೆಂಟರಿಗೆ ನಾನು ಕೊಡುವ ಕೆಲಸ ಇದು.

ಆ ದಿನ

ಹೇಳಲು ಹೆಚ್ಚೇನಿಲ್ಲ. ಸಡಿಲ ಬಟ್ಟೆ, ಬದಲಿಸಲು ಇನ್ನೊಂದು ಜೊತೆ, ವಯಸ್ಕರ ಪ್ಯಾಡ್, ವಾಪಸು ಕರೆದೊಯ್ಯಲು ಒಬ್ಬರು. ಒಪ್ಪಿಗೆ ಪತ್ರವನ್ನು ಓದಿ ಸಹಿ ಹಾಕಿ. ಕೊಲೊನೊಸ್ಕೋಪಿಯಾದರೆ ಮಂಪರಿನ ಔಷಧ ಕೊಟ್ಟಿರುತ್ತಾರೆ, ನಿಮಗೆ ನೆನಪಿರುವುದೂ ಕಡಿಮೆ. ಎನಿಮಾದಲ್ಲಿ ಎಡಮಗ್ಗುಲಿಗೆ ಮಲಗಿ, ಮಂಡಿ ಮಡಿಸಿ, ಬಾಯಿಂದ ನಿಧಾನ ಉಸಿರಾಡಿ. ದ್ರಾವಣ ಕೋಣೆಯ ಬಿಸಿಗೆ ಬಂದಿರುತ್ತದೆ, ನೋವಾಗುವುದಿಲ್ಲ, ಒತ್ತಡ ತಿಳಿಯುತ್ತದೆ ಅಷ್ಟೆ. ಆಮೇಲೆ ಎಷ್ಟು ಹೊತ್ತು ತಡೆದುಕೊಳ್ಳುತ್ತೀರೋ ಅಷ್ಟು ಒಳ್ಳೆಯದು. ಅದಕ್ಕಾಗಿ ಕೆಲವು ಕಡೆ ಕರುಳಿನ ಓಟ ನಿಧಾನಿಸುವ ಲೊಪೆರಮೈಡ್ ಮಾತ್ರೆ ಕೊಡುತ್ತಾರೆ. ಅರ್ಧ ಗಂಟೆಗೇ ಹೊರಗೆ ಬಂದರೆ ಎಲ್ಲ ಹಾಳಾಯಿತೆಂದು ಅಳುವವರಿದ್ದಾರೆ. ಬಂದದ್ದರ ಜೊತೆ ಎಲ್ಲವೂ ಹೋಗಿರುವುದಿಲ್ಲ. ಎಷ್ಟು ಹೊತ್ತಿಗೆ ಬಂತೆಂದು ನರ್ಸಿಗೆ ತಿಳಿಸಿ, ಸಾಕು.

ಆಮೇಲಿನ ಎಂಟು ವಾರ

ಮೊದಲ ಒಂದೆರಡು ದಿನ ಹೊಟ್ಟೆ ಉಬ್ಬರ, ಗುಡುಗುಡು, ವಾಯು, ಸಣ್ಣ ನುಲಿತ, ಒಂದೆರಡು ಸಲ ತೆಳುವಾಗಿ ಹೋಗುವುದು ಸಾಮಾನ್ಯ. ಆಮೇಲೆ ಕೆಲವರಿಗೆ ಮಲಬದ್ಧತೆ. ತಿಂಗಳುಗಳ ನಂತರ ಮೊದಲ ಬಾರಿಗೆ ಗಟ್ಟಿಯಾಗಿ ಹೋಯಿತು ಎಂದು ಬೆಳಗಿನ ಜಾವ ವಾರ್ಡಿಗೆ ಫೋನ್ ಮಾಡಿ ಹೇಳಿದವರಿದ್ದಾರೆ. ಯಾವ ಹೊತ್ತಾದರೂ ಆ ಫೋನು ನನಗೆ ಬೇಸರವಲ್ಲ.

ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳೂ ಇವೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹೊಟ್ಟೆ ಬಿಗಿದು ತಡೆಯಲಾಗದ ನೋವು, ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಉಸಿರಾಟದ ತೊಂದರೆ. ಭೇದಿ ಇದ್ದಕ್ಕಿದ್ದಂತೆ ನಿಂತು ಹೊಟ್ಟೆ ಉಬ್ಬುತ್ತಾ ಹೋದರೆ ಗುಣವಾಯಿತೆಂದು ಸಂತೋಷಪಡಬೇಡಿ. ಕರುಳು ಚಲನೆ ನಿಲ್ಲಿಸಿರಬಹುದು. ಇದು ಜೀವಕ್ಕೇ ಎರವಾಗಬಲ್ಲದು.

“ಇನ್ನು ಏನು ತಿನ್ನಬೇಕು ಸಿಸ್ಟರ್?” ಹಸಿವಾದದ್ದನ್ನು. ಮೊದಲ ದಿನ ಹಗುರವಾಗಿ, ಆಮೇಲೆ ಮಾಮೂಲು ಊಟ, ನಿಧಾನವಾಗಿ ನಾರಿನಂಶ ಹೆಚ್ಚಿಸಿ. ಹೊಸ ಬ್ಯಾಕ್ಟೀರಿಯಾಗಳ ಆಹಾರವೂ ಅದೇ. ಬೇರೆ ಪಥ್ಯವಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಎಂದು ಮಾರುವ ಪ್ರೋಬಯಾಟಿಕ್ ಡಬ್ಬಿಗಳಿಗೆ ಹಣ ಸುರಿಯಬೇಡಿ, ಸಿ. ಡಿಫ್ ಮರುಕಳಿಸದಂತೆ ಅವು ತಡೆಯುತ್ತವೆ ಎನ್ನಲು ಸರಿಯಾದ ಆಧಾರವಿಲ್ಲ.

ಗುಣವಾಯಿತೇ ಎಂದು ನೋಡಲು ಮಲಪರೀಕ್ಷೆ ಮಾಡಿಸಬೇಡಿ. ಭೇದಿ ಇಲ್ಲದಿದ್ದರೆ ಗುಣವಾಗಿದೆ ಎಂದೇ ಲೆಕ್ಕ. ಗುಣವಾದ ಮೇಲೂ ವಾರಗಟ್ಟಲೆ ಪಿಸಿಆರ್ ಪಾಸಿಟಿವ್ ಬರಬಹುದು. ಆ ಕಾಗದ ನೋಡಿ ಗಾಬರಿಯಾಗಿ ಯಾರಾದರೂ ಮತ್ತೆ ವ್ಯಾಂಕೊಮೈಸಿನ್ ಬರೆದರೆ ಹೊಸದಾಗಿ ನೆಲೆಯೂರಿದ ಬ್ಯಾಕ್ಟೀರಿಯಾಗಳಿಗೆ ಅಪಾಯ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಆ್ಯಂಟಿಬಯಾಟಿಕ್. ಕಸಿ ಕೈಕೊಡಲು ನಾನು ಕಂಡ ದೊಡ್ಡ ಕಾರಣ ಅದೇ. ಎಲ್ಲ ಸರಿಹೋಗಿರುತ್ತದೆ, ತೂಕ ಬರುತ್ತಿರುತ್ತದೆ, ಅಷ್ಟರಲ್ಲಿ ಹಲ್ಲುನೋವು. ದಂತವೈದ್ಯರಿಗೆ ಕಸಿಯ ವಿಷಯ ಹೇಳಲು ನಾಚಿಕೆ. ಅವರು ಕ್ಲಿಂಡಮೈಸಿನ್ ಬರೆಯುತ್ತಾರೆ. ವಾರದೊಳಗೆ ಮತ್ತೆ ನಮ್ಮ ಬಾಗಿಲು. ಒಂದು ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿಡಿ: ಮರುಕಳಿಸುವ ಸಿ. ಡಿಫ್ ಇತ್ತು, ಇಂಥ ದಿನ ಮಲ ಕಸಿಯಾಗಿದೆ, ಆ್ಯಂಟಿಬಯಾಟಿಕ್ ಕೊಡುವ ಮೊದಲು ಈ ವೈದ್ಯರಿಗೆ ಕರೆ ಮಾಡಿ. ಬಾಯಿಬಿಟ್ಟು ಹೇಳಲಾಗದಿದ್ದರೆ ಕಾರ್ಡನ್ನು ಮುಂದೆ ಹಿಡಿಯಿರಿ. ನೆಗಡಿ, ಸಾಮಾನ್ಯ ಗಂಟಲುನೋವಿಗೆ ಆ್ಯಂಟಿಬಯಾಟಿಕ್ ಬೇಕಾಗುವುದೇ ಅಪರೂಪ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿದೆ ಎಂಬ ವರದಿಗೂ, ಉರಿಯಾಗಲಿ ಜ್ವರವಾಗಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಔಷಧ ಬೇಡ. ಗರ್ಭಿಣಿಯರ ಮಾತು ಬೇರೆ. ಆದರೆ ನ್ಯುಮೋನಿಯಾದಂಥದ್ದು ಬಂದರೆ ಕಸಿಗೆ ಹೆದರಿ ಚಿಕಿತ್ಸೆ ಬಿಡಬೇಡಿ. ಅಪಾಯ ಕಡಿಮೆ ಇರುವ ಔಷಧ ಆರಿಸಿ, ಬೇಕಾದಷ್ಟೇ ದಿನ ಕೊಡಲು ವೈದ್ಯರಿಗೆ ಬರುತ್ತದೆ, ಅವರಿಗೆ ವಿಷಯ ಗೊತ್ತಿದ್ದರೆ.

ಎಂಟು ವಾರದೊಳಗೆ ಮತ್ತೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರುನೀರಾಗಿ ಹೋಗತೊಡಗಿದರೆ ಮನೆಯಲ್ಲಿ ಉಳಿದ ಹಳೆಯ ವ್ಯಾಂಕೊಮೈಸಿನ್ ನುಂಗಬೇಡಿ. ಮೊದಲು ಮಾದರಿ ಕೊಡಿ, ಟಾಕ್ಸಿನ್ ಪರೀಕ್ಷೆಯಾಗಲಿ, ಆಮೇಲೆ ಔಷಧ. ಸಿ. ಡಿಫ್ ಎಂದೇ ಆದರೆ ಎರಡನೆಯ ಕಸಿಯ ಬಗ್ಗೆ ಕೇಳಿ. ಆ್ಯಮ್‌ಸ್ಟರ್‌ಡ್ಯಾಮಿನ ಅಧ್ಯಯನದಲ್ಲಿ ಮೊದಲ ಸಲ ಫಲ ಸಿಗದ ಮೂವರಿಗೆ ಬೇರೆ ದಾನಿಯ ಮಾದರಿಯಿಂದ ಮತ್ತೊಮ್ಮೆ ಮಾಡಿದರು. ಅವರಲ್ಲಿ ಇಬ್ಬರು ಗುಣವಾದರು. ನೋಟ್‌ಪುಸ್ತಕವನ್ನೂ ಕಾರ್ಡನ್ನೂ ಜೊತೆಗೆ ತನ್ನಿ.